ಅಣ್ಣನ ಕೂಲಿ ಎಷ್ಟೆಂದು ಸಾಬೀತು ಮಾಡಿದ್ದು ಹೀಗೆ

ಅಣ್ಣ ಗಾರೆ ಕೆಲಸದವನು. 2022ರಲ್ಲಿ ಸಾರುವೆಯಿಂದ ಬಿದ್ದು ಬಲಭುಜ ಮುರಿಯಿತು. ಆಗ ಅವನಿಗೆ 40 ವರ್ಷ. ಕೂಲಿ ಕೈಗೇ ಕೊಡುತ್ತಿದ್ದರು, ಒಂದು ಚೀಟಿಯೂ ಇಲ್ಲ. ಪರಿಹಾರ ಕೇಳಿದರೆ ಗುತ್ತಿಗೆದಾರರು ಕೂಲಿ ತಿಂಗಳಿಗೆ 9,000 ಅಷ್ಟೇ ಅಂದುಬಿಟ್ಟರು.

ನಮ್ಮ ಕೈ ಹಿಡಿದದ್ದು ಮೇಸ್ತ್ರಿಯ ಹಾಜರಿ ಪುಸ್ತಕ. ಸಿಮೆಂಟ್ ಧೂಳು ಮೆತ್ತಿದ ನೂರು ಪುಟದ ನೋಟ್‌ಬುಕ್. ಪ್ರತಿ ಶನಿವಾರ ಅಣ್ಣನ ಹೆಸರು, ಬಟವಾಡೆ ಮೊತ್ತ, ಪಕ್ಕದಲ್ಲಿ ಅವನ ಸೊಟ್ಟ ರುಜು. ಕೂಡಿದರೆ ತಿಂಗಳಿಗೆ 18,000. ಮೇಸ್ತ್ರಿ ವಿಚಾರಣೆಗೆ ಬಂದು ಸಾಕ್ಷಿಯನ್ನೂ ಹೇಳಿದರು. ಅವರ ಋಣ ದೊಡ್ಡದು. ಆಗಿನ ನೌಕರರ ಪರಿಹಾರ ಕಾಯ್ದೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ಇತ್ತು, ವಿಚಾರಣೆಯಲ್ಲಿ ಅಷ್ಟನ್ನು ಒಪ್ಪಿದರು.

ಇನ್ನೊಂದು ತೊಡಕಿತ್ತು. ಸರ್ಟಿಫಿಕೇಟಿನಲ್ಲಿ ಕೈಯ ಊನ ಶೇ. 25 ಎಂದಷ್ಟೇ ಇತ್ತು. ಆದರೆ ಪರಿಹಾರ ನಿಲ್ಲುವುದು ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದರ ಮೇಲೆ. ಭುಜದಿಂದ ಮೇಲಕ್ಕೆ ಕೈ ಏಳದವನು ಸೂರಿಗೆ ಗಾರೆ ಹೇಗೆ ಮೆತ್ತಬೇಕು, ಅಲ್ವಾ? ಡಾಕ್ಟರಿಗೆ ಅವನ ಕೆಲಸ ಏನೆಂದು ಬಿಡಿಸಿ ಹೇಳಿದೆವು. ಮತ್ತೆ ಪರೀಕ್ಷಿಸಿ, ದುಡಿಮೆಯ ನಷ್ಟ ಶೇ. 40 ಎಂದು ಬೇರೆಯಾಗಿ ಬರೆದರು.

ಆ ಕಾಯ್ದೆಯ ಲೆಕ್ಕ ಹೀಗಿತ್ತು: 15,000ದ ಶೇ. 60 ಅಂದರೆ 9,000. ಅದನ್ನು ಗುಣಿಸಲು ವಯಸ್ಸಿಗೆ ತಕ್ಕಂತೆ ಕಾಯ್ದೆ ಕೊಟ್ಟ ಸಂಖ್ಯೆ, ಅಂದರೆ ಗುಣಕ, 40 ವರ್ಷಕ್ಕೆ 184.17. ಅದರಲ್ಲಿ ಶೇ. 40. ಸಿಕ್ಕಿದ್ದು 6,63,012 ರೂಪಾಯಿ. ಗುತ್ತಿಗೆದಾರರ 9,000 ಮತ್ತು ಮೊದಲಿನ ಶೇ. 25ರ ಲೆಕ್ಕದಲ್ಲಿ ಎರಡೂವರೆ ಲಕ್ಷವೂ ಆಗುತ್ತಿರಲಿಲ್ಲ.