ಪ್ರಾಚೀನ ಪರಿಸರ ಚರಿತ್ರೆಯ ಸಂಶೋಧಕರಾಗುವುದು ಹೇಗೆ?

ಸಾವಿರಾರು ವರ್ಷಗಳ ಹಿಂದಿನ ಮಳೆ, ಕಾಡು, ಕೆರೆ, ಬೆಳೆಗಳ ಚರಿತ್ರೆಯನ್ನು ವೃತ್ತಿಯಾಗಿ ಅಧ್ಯಯನ ಮಾಡಬಯಸುವ ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ ಹತ್ತಿರದ ದಾರಿ. ಸಸ್ಯಶಾಸ್ತ್ರ ಅಥವಾ ಭೂವಿಜ್ಞಾನ ಓದಿದವರೂ ಹಿಂಜರಿಯಬೇಕಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರಿಗೇ ಅನುಕೂಲ ಹೆಚ್ಚು, ಏಕೆಂದರೆ ಹಳಗನ್ನಡವನ್ನು ಮನೆಯಲ್ಲಿ ಕುಳಿತು ಕಲಿಯಬಹುದು, ಹಿಂದೆ ಯಾವ ಗಿಡಮರಗಳಿದ್ದವೆಂದು ತಿಳಿಸುವ, ಮಣ್ಣಿನಲ್ಲಿ ಉಳಿದ ಪರಾಗಕಣಗಳನ್ನು ಸೂಕ್ಷ್ಮದರ್ಶಕದಡಿ ಗುರುತಿಸುವುದನ್ನು ಹಾಗೆ ಕಲಿಯಲಾಗದು.

ಮೊದಲು ಶಾಸನಗಳನ್ನು ಓದಿ. ಕರ್ನಾಟಕದ ಶಾಸನಗಳ ಸಂಕಲನವಾದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೆಯ ಸಂಪುಟಗಳಲ್ಲಿ ಮಂಡ್ಯ ಜಿಲ್ಲೆಯ ಶಾಸನಗಳಿವೆ. ರಾಜರ ಹೆಸರುಗಳನ್ನು ಬದಿಗಿಟ್ಟು, ಕೆರೆ, ತೂಬು, ಗದ್ದೆ, ಬೆದ್ದಲು (ಮಳೆಯಾಶ್ರಿತ ಹೊಲ), ಬಿತ್ತುವಟ್ಟ (ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ), ಗಡಿಯ ಮರ ಎಂದು ಬಂದಲ್ಲೆಲ್ಲ ಊರು ಮತ್ತು ಕಾಲದೊಂದಿಗೆ ಗುರುತು ಹಾಕಿಕೊಳ್ಳಿ. ಮದ್ದೂರು ತಾಲ್ಲೂಕಿನ ಆತಕೂರಿನ 10ನೆಯ ಶತಮಾನದ ಶಾಸನ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಿಂದಾಗಿ ಪ್ರಸಿದ್ಧವಾಗಿದ್ದರೂ, ನಮಗೆ ಅದರಲ್ಲಿ ಬೇಕಾದದ್ದು ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಸಂಗತಿ. ಹಾಗೆಂದು ಒಂದು ಹಂದಿಯ ಬಲದ ಮೇಲೆ ಇಡೀ ತಾಲ್ಲೂಕಿಗೆ ಕಾಡು ಹಬ್ಬಿಸಬಾರದು. ಕೆರೆ ಕಟ್ಟಿಸಿದವರು ಕಲ್ಲು ನೆಡಿಸುತ್ತಾರೆ, ಕೆರೆ ಬತ್ತಿದ್ದನ್ನು ಬರೆಸುವವರು ವಿರಳ. ಆದ್ದರಿಂದ ಕೆರೆಯ ಶಾಸನಗಳು ಹೆಚ್ಚಾದ ಶತಮಾನದಲ್ಲಿ ಮಳೆ ಹೆಚ್ಚಿತ್ತೆಂದಾಗಲಿ ಕಡಿಮೆಯಿತ್ತೆಂದಾಗಲಿ ಅಷ್ಟರಿಂದಲೇ ಹೇಳಲು ಬಾರದು.

ಅದಕ್ಕಾಗಿಯೇ ಮಣ್ಣಿನ ಸಾಕ್ಷ್ಯ ಬೇಕು. ತಲಕಾಡಿನ ಮರಳನ್ನೇ ತೆಗೆದುಕೊಳ್ಳಿ. ಜನ ಅಲಮೇಲಮ್ಮನ ಶಾಪವನ್ನು ನೆನೆಯುತ್ತಾರೆ. ಸಂಶೋಧಕ ಕಾವೇರಿಯ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು ಯಾವ ಕಾಲದಲ್ಲಿ, ಎಷ್ಟು ಹಂತಗಳಲ್ಲಿ ಕವಿಯಿತೆಂದು ಕೇಳಬೇಕು. ಮರಳುಕಣದ ಮೇಲೆ ಕೊನೆಯ ಬಾರಿ ಬಿಸಿಲು ಬಿದ್ದ ಕಾಲವನ್ನು ಅಳೆಯುವ ವಿಧಾನವುಂಟು. ಆ ಮಾದರಿಯನ್ನು ಬೆಳಕು ತಾಗದಂತೆ ಕೊಳವೆ ಬಡಿದು ತೆಗೆಯಬೇಕು, ಒಮ್ಮೆ ಬಿಸಿಲು ಕಂಡರೆ ಅದು ಕೆಟ್ಟಿತು. ಇದ್ದಿಲು, ಸುಟ್ಟ ಕಾಳುಗಳಿಗೆ, ಅವುಗಳಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ಹೇಳುವ ಕಾರ್ಬನ್-14 ವಿಧಾನ ಹೊಂದುತ್ತದೆ. ಆ ಇಂಗಾಲದ ಅರ್ಧಾಯು, ಎಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 5,730 ವರ್ಷವಾದ್ದರಿಂದ ತಿ. ನರಸೀಪುರದ ನವಶಿಲಾಯುಗದ ನೆಲೆಯೂ ಅದರ ಅಳತೆಯೊಳಗೇ ಬರುತ್ತದೆ. ಪರಾಗಕಣಗಳ ತರಬೇತಿಗೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯನ್ನೂ, ಪ್ರಾಚೀನ ಬೀಜ, ಧಾನ್ಯಗಳ ಅಧ್ಯಯನಕ್ಕೆ ಪುಣೆಯ ಡೆಕ್ಕನ್ ಕಾಲೇಜನ್ನೂ ವಿಚಾರಿಸಿ.

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲೇ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಗೆ ಸಿದ್ಧರಾಗಿ; ಅಲ್ಲಿ ಪುರಾತತ್ತ್ವಕ್ಕೆ ಪ್ರತ್ಯೇಕ ಪತ್ರಿಕೆಯಿದ್ದು, ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆತರೆ ಪಿಎಚ್‌.ಡಿ. ವರ್ಷಗಳ ಖರ್ಚಿನ ಚಿಂತೆ ಬಹುಮಟ್ಟಿಗೆ ತಗ್ಗುತ್ತದೆ. ಉದ್ಯೋಗಗಳು ಕಡಿಮೆ, ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಅಧ್ಯಾಪನವಲ್ಲದೆ ಪುರಾತತ್ತ್ವ ಇಲಾಖೆ, ವಸ್ತುಸಂಗ್ರಹಾಲಯ, ಸಂಶೋಧನಾ ಯೋಜನೆಗಳತ್ತಲೂ ಕಣ್ಣಿರಲಿ.

ಪಿಎಚ್‌.ಡಿ.ಗೆ ಒಂದೇ ಕೆರೆ ಅಥವಾ ನದಿಯ ಒಂದು ತಿರುವನ್ನು ಆರಿಸಿಕೊಂಡು, ಸಾಧ್ಯವಾದರೆ ವಿಜ್ಞಾನ ವಿಭಾಗದಿಂದ ಒಬ್ಬ ಸಹ ಮಾರ್ಗದರ್ಶಕರನ್ನು ಪಡೆಯಿರಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಮಣ್ಣು ತೆಗೆಯುವಂತಿಲ್ಲ. ಕೆರೆಯಂಗಳ ಒಣಗುವ ಬೇಸಿಗೆಯೇ ಮಾದರಿ ಸಂಗ್ರಹದ ಕಾಲವಾದ್ದರಿಂದ ಅರ್ಜಿ ಅದಕ್ಕೆ ಬಹಳ ಮುಂಚೆಯೇ ಇಲಾಖೆಯನ್ನು ತಲುಪಿರಬೇಕು.