ಸಿಐಡಿಪಿ ಸುಧಾರಣೆ ಅಳೆಯಲು ಮನೆಯ ಗ್ರಿಪ್ ಡೈರಿ: ನನ್ನ ಅನುಭವ

"ರೋಗಿ ಮನೆಯಲ್ಲಿ ಕೂತು ಬರೆದ ಅಂಕಿ ನಂಬಿ ಐವಿಐಜಿ ಕಡಿಮೆ ಮಾಡ್ತೀರಾ?" ಅಂತ ಸಹೋದ್ಯೋಗಿಗಳು ಕೇಳಿದ್ದರು. ಈಗ ಅವರೇ ನನ್ನ ಡೈರಿ ಹಾಳೆ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಸಿಐಡಿಪಿ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಹೊದಿಕೆಗೆ ಹಾನಿ ಮಾಡಿ ಕೈಕಾಲಿನ ಬಲ ಕುಂದಿಸುವ ಕಾಯಿಲೆ. ಐವಿಐಜಿ ಅಂದರೆ ಅದಕ್ಕೆ ರಕ್ತನಾಳಕ್ಕೆ ಡ್ರಿಪ್ (ಇನ್ಫ್ಯೂಷನ್) ಹಾಕಿ ಕೊಡುವ ಇಮ್ಯುನೊಗ್ಲಾಬ್ಯುಲಿನ್. ಡೈರಿ ಅಂದರೆ ರೋಗಿ ದಿನಾ ಮನೆಯಲ್ಲಿ ಕೈ ಹಿಡಿತದ ಬಲ ಅಳೆದು ಬರೆಯುವ ಹಾಳೆ.

ಕಷ್ಟ ನಿಮಗೂ ಗೊತ್ತಿರೋದೇ. ಕೆಜಿಗೆ 2 ಗ್ರಾಂ ಲೋಡಿಂಗ್ (ಶುರುವಿನ ದೊಡ್ಡ ಡೋಸ್) ಕೊಟ್ಟಾಯ್ತು. ಮೂರು ವಾರ ಬಿಟ್ಟು ಬಂದವರು "ಪರವಾಗಿಲ್ಲ ಡಾಕ್ಟ್ರೇ" ಅಂತಾರೆ. ಅಷ್ಟರ ಮೇಲೆ ಇಷ್ಟು ದುಬಾರಿ ಔಷಧಿಯನ್ನು ವರ್ಷಗಟ್ಟಲೆ ಎಳೆಯಬೇಕಾ? ಸಿಐಡಿಪಿಗೆ ಐವಿಐಜಿ ಪರೀಕ್ಷಿಸಿದ 2008ರ ಐಸ್ ಟ್ರಯಲ್‌ನಲ್ಲಿ ಐವಿಐಜಿ ಪಡೆದವರಲ್ಲಿ 54 ಪರ್ಸೆಂಟ್ ಸುಧಾರಿಸಿದರೆ, ಪ್ಲಸೀಬೊ (ಔಷಧಿಯಿಲ್ಲದ ಹುಸಿ ಡೋಸ್) ಪಡೆದವರಲ್ಲೂ 21 ಪರ್ಸೆಂಟ್ ಸುಧಾರಿಸಿದ್ದರು. ಬರೀ ಬಾಯಿಮಾತು ಸಾಲದು.

ಎನ್‌ಸಿಎಸ್ ಮತ್ತೆ ಮತ್ತೆ ಮಾಡಿಸಿ ನೋಡಿದೆ, ನರಗಳಲ್ಲಿ ವಿದ್ಯುತ್ ಸಂಕೇತ ಹೇಗೆ ಸಾಗುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಕಾಯಿಲೆ ಗುರುತಿಸಲು ಅದು ಬೇಕೇ ಬೇಕು. ಆದರೆ ವರದಿ ಇದ್ದ ಹಾಗೇ ಇತ್ತು, ರೋಗಿ ಮಾತ್ರ ಮೆಟ್ಟಿಲು ಹತ್ತುತ್ತಿದ್ದರು. ರೋಗಿಯ ದುಡ್ಡು ಹೋಯಿತು, ಉತ್ತರ ಸಿಗಲಿಲ್ಲ. ಎಂಆರ್‌ಸಿ ಸಮ್ ಸ್ಕೋರ್‌ನಲ್ಲಿ (ಡಾಕ್ಟರು ಸ್ನಾಯುಗಳ ಬಲಕ್ಕೆ 0ಯಿಂದ 5ರ ತನಕ ಕೊಡುವ ಗ್ರೇಡ್‌ಗಳ ಮೊತ್ತ) ಗ್ರೇಡ್ 4 ಅನ್ನೋದು ತುಂಬಾ ಅಗಲ. ಇಬ್ಬರು ಡಾಕ್ಟರು ನೋಡಿದರೆ ಎರಡು ಅಂಕಿ.

ಇನ್‌ಕ್ಯಾಟ್‌ನಲ್ಲಿ ಒಂದು ಪಾಯಿಂಟ್ ಇಳಿದರೆ ಸುಧಾರಣೆ ಅಂತ ಲೆಕ್ಕ. ಕೈಕಾಲಿನ ಕೆಲಸ ಎಷ್ಟು ಕಷ್ಟ ಅಂತ ಅಳೆಯುವ ಮಾಪಕ ಅದು, ಅಂಕಿ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ನನ್ನ ಒಬ್ಬ ರೋಗಿಗೆ ಅಂಗಿ ಗುಂಡಿ ಹಾಕಲು ಹತ್ತು ನಿಮಿಷ ಹಿಡಿಯುತ್ತಿತ್ತು. ಪ್ರತಿ ಗುಂಡಿಗೂ ನಿಂತು ಬೆರಳು ಕೊಡವಬೇಕು. ಚಿಕಿತ್ಸೆಯ ನಂತರ ಎರಡೇ ನಿಮಿಷ. ಇನ್‌ಕ್ಯಾಟ್‌ನ ಕೈ ಸ್ಕೋರ್ ಆಗಲೂ 2, ಈಗಲೂ 2. ಯಾಕಂದ್ರೆ ಗುಂಡಿ ಹಾಕೋದು ಕಷ್ಟ, ಆದರೆ ಆಗುತ್ತದೆ, ಅಷ್ಟೇ ಅದು ಕೇಳೋದು. ಅವರ ಪಾಲಿಗೆ ಇದು ದೊಡ್ಡ ಬದಲಾವಣೆ ಅಲ್ವಾ? ಇದು ಬಿಟ್ಟುಹೋಗೋದು ನನಗೆ ಸಹಿಸಲು ಆಗುತ್ತಿರಲಿಲ್ಲ.

ಕೊನೆಗೆ ಕೂತದ್ದು ಹೀಗೆ. ಪ್ರತಿ ರೋಗಿಗೂ ಒಂದು ಡೈನಮೋಮೀಟರ್ (ಹಿಡಿತದ ಬಲ ಅಳೆಯುವ ಉಪಕರಣ) ಮನೆಗೆ. ಕುರ್ಚಿಯಲ್ಲಿ ಕೂತು, ಮೊಣಕೈ 90 ಡಿಗ್ರಿ ಮಡಚಿ, ಒಂದೊಂದು ಕೈಗೂ ಮೂರು ಸಲ ಹಿಂಡಿ ಬರೆದಿಡಬೇಕು, ದಿನಾ ಅದೇ ಹೊತ್ತಿಗೆ. ಮೊದಲ ವಾರದ ಅಂಕಿ ನಾನು ಬಿಟ್ಟುಬಿಡುತ್ತೇನೆ, ಅದು ಕೈ ಪಳಗುವ ಕಾಲ. ಆಮೇಲೆ ಮೂರು ದಿನದ ಸರಾಸರಿ ಎಳೆದರೆ ಗೆರೆ ಶಾಂತವಾಗುತ್ತದೆ. ಉಪಕರಣ ಮಾತ್ರ ಬದಲಿಸಬೇಡಿ. ಜೇಮಾರ್ ಕೆಜಿ ತೋರಿಸುತ್ತದೆ, ಮಾರ್ಟಿನ್ ವೈಗರಿಮೀಟರ್ ಕಿಲೋಪಾಸ್ಕಲ್. ವೈಗರಿಮೀಟರ್‌ಗೆ 8 ಕಿಲೋಪಾಸ್ಕಲ್ ಬದಲಾದರೆ ಅದು ನಿಜವಾದ ಬದಲಾವಣೆ ಅನ್ನೋ ಕಟ್ಆಫ್ ಹಲವರು ಬಳಸುತ್ತಾರೆ. ನಾನು ಅದರ ಜೊತೆ ಆ ರೋಗಿಯ ಸ್ವಂತ ಏರಿಳಿತವನ್ನೂ ಸೇರಿಸುತ್ತೇನೆ. ಆ ಲೆಕ್ಕ ಹೇಗೆ ಅನ್ನೋದು ಇನ್ನೊಂದಿಷ್ಟು ರೋಗಿಗಳಲ್ಲಿ ನೋಡುವ ತನಕ ನನ್ನ ಹತ್ತಿರವೇ ಇರಲಿ.

ಇದರ ಜೊತೆ ಐ-ರಾಡ್ಸ್, ದಿನನಿತ್ಯದ ಕೆಲಸ ಎಷ್ಟು ಸಲೀಸು ಅಂತ ರೋಗಿಯನ್ನೇ ಕೇಳುವ ಪ್ರಶ್ನಾವಳಿ. ಇದರಲ್ಲಿ ಅಂಕಿ ಹೆಚ್ಚಾದಷ್ಟೂ ಒಳ್ಳೆಯದು. 24 ಪ್ರಶ್ನೆ, ಕಾಯುವ ಕೋಣೆಯಲ್ಲೇ ಮುಗಿಯುತ್ತದೆ. 100ರ ಮಾಪಕದಲ್ಲಿ 4 ಪಾಯಿಂಟ್ ಏರಿದರೆ ಲೆಕ್ಕಕ್ಕೆ ತಗೋತೀನಿ. ಯಾವಾಗಲೂ ಇನ್ಫ್ಯೂಷನ್‌ಗೆ ಮುಂಚೆಯೇ ತುಂಬಿಸಬೇಕು. ಒಂದು ಸಲ ಮುಂಚೆ, ಒಂದು ಸಲ ಆಮೇಲೆ ಅಂತ ತುಂಬಿಸಿದರೆ ಹೋಲಿಕೆಗೆ ಅರ್ಥವಿಲ್ಲ.

ನಡುವೆ ಫೋನಿನ ಸ್ಟೆಪ್ ಕೌಂಟ್ ಕೂಡ ನೋಡಿದೆ. ಮನೆಯಲ್ಲಿ ಸಮಾರಂಭ ಇದ್ದ ದಿನ ಹೆಜ್ಜೆ ಜಾಸ್ತಿ, ಜ್ವರ ಬಂದ ದಿನ ಕಡಿಮೆ. ಔಷಧಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ, ಕೈಬಿಟ್ಟೆ. ಗುಂಡಿ ಹಾಕುವ ವಿಡಿಯೊ ಮಾತ್ರ ಇನ್ನೂ ತೆಗೆಸುತ್ತೇನೆ. ಮನೆಯವರಿಗೆ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಅರ್ಥವಾಗೋದಿಲ್ಲ.

ದುಡ್ಡಿನ ಮಾತಿಗೆ ಬರೋಣ. 70 ಕೆಜಿಯವರಿಗೆ ಮೂರು ವಾರಕ್ಕೊಮ್ಮೆ ಕೆಜಿಗೆ 1 ಗ್ರಾಂ ಅಂದರೆ ವರ್ಷಕ್ಕೆ ಸುಮಾರು 17 ಇನ್ಫ್ಯೂಷನ್. ಮುಂದಿನ ಇನ್ಫ್ಯೂಷನ್‌ಗೆ ಮುಂಚಿನ ಕೊನೆಯ ವಾರದಲ್ಲೂ ಡೈರಿಯ ಗೆರೆ ಬೀಳದಿದ್ದರೆ ಧೈರ್ಯವಾಗಿ ನಾಲ್ಕು ವಾರಕ್ಕೆ ಎಳೆಯುತ್ತೇನೆ. ಆಗ 13. ವರ್ಷಕ್ಕೆ ಹತ್ತಿರ ಹತ್ತಿರ 280 ಗ್ರಾಂ ಉಳಿಯಿತು. ಡೈನಮೋಮೀಟರ್ ಖರ್ಚು ಇದರ ಮುಂದೆ ಏನೂ ಅಲ್ಲ. ಕೆಲವರಲ್ಲಿ ಉಲ್ಟಾ ಆಯಿತು. ಗೆರೆ ಮೂರನೇ ವಾರಕ್ಕೇ ಜಾರುತ್ತಿತ್ತು, ಅಂತರ ಕಡಿಮೆ ಮಾಡಬೇಕಾಯಿತು. ಆ ಜಾರುವಿಕೆ ಕ್ಲಿನಿಕ್ ಭೇಟಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಎಂಎಂಎನ್‌ನಲ್ಲಿ (ಸ್ನಾಯು ನಡೆಸುವ ನರಗಳಿಗೆ ಮಾತ್ರ ಬರುವ, ಎರಡು ಕೈಗೆ ಒಂದೇ ಥರ ಇರದ ಇನ್ನೊಂದು ಕಾಯಿಲೆ) ಇದು ಇನ್ನೂ ಪೂರ್ತಿ ಕೂತಿಲ್ಲ. ಅಲ್ಲಿ ಎರಡು ಕೈಗೂ ಬೇರೆ ಬೇರೆ ಗೆರೆ ಬೇಕು. ಹಿಡಿತ ಚೆನ್ನಾಗಿದ್ದೂ ಬೆರಳು ಮೇಲೆತ್ತಲು ಆಗದವರಿದ್ದಾರೆ. ಅವರಿಗೆ ಬೆರಳು ಚಾಚುವ ಶಕ್ತಿಯನ್ನೇ ಮನೆಯಲ್ಲಿ ಅಳೆಸಲು ಈಗ ನೋಡುತ್ತಿದ್ದೇನೆ.