ಬೂದು ಕಾಮೆಂಟಿಗೆ ಅರಿಶಿನ ಬಣ್ಣ

ಕೋಲಾರದ ಮಂಡಿಗೆ ಟೊಮೆಟೊ ಹಾಕುವ ಮಾವನ ಲೆಕ್ಕಕ್ಕೆ ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಮ್) ಬರೆದುಕೊಟ್ಟಿದ್ದೆ. ಹೋದ ವಾರ ಅದರಲ್ಲಿ ಸ್ವಲ್ಪ ಕೈಯಾಡಿಸಿದೆ. ಮೊತ್ತ ಸರಿಯಾಗಿ 15 ಪಟ್ಟು ಜಾಸ್ತಿ ಬಂತು. ಮಾವ ನಕ್ಕರು: "ಇಷ್ಟು ದುಡ್ಡು ಬಂದಿದ್ರೆ ನಾನ್ಯಾಕೆ ನಾಲ್ಕು ಗಂಟೆಗೆ ಏಳ್ತಿದ್ದೆ?"

ಎರಡು ಗಂಟೆ ಹುಡುಕಿದೆ. ಉತ್ತರ ನಾನೇ ಬರೆದಿದ್ದ ಕಾಮೆಂಟಿನಲ್ಲಿ, ಅಂದರೆ ಕೋಡಿನ ನಡುವೆ # ಹಾಕಿ ಬರೆಯುವ ಟಿಪ್ಪಣಿಯಲ್ಲಿ, ಇತ್ತು: "# ದರ 15 ಕೆಜಿ ಬಾಕ್ಸಿಗೆ, ಕೆಜಿಗಲ್ಲ. 15ರಿಂದ ಗುಣಿಸಬೇಡ." ಕಪ್ಪು ತೆರೆಯ ಮೇಲೆ ಬೂದು ಅಕ್ಷರ. ಕಣ್ಣಿಗೇ ಬಿದ್ದಿರಲಿಲ್ಲ. ಕೋಡ್ ಬರೆಯುವ ಎಡಿಟರಿನ ಎಷ್ಟೋ ಥೀಮ್‌ಗಳು (ಬಣ್ಣದ ಜೋಡಣೆಗಳು) ಕಾಮೆಂಟನ್ನು ಹೀಗೇ ಮಂಕು ಮಾಡುತ್ತವೆ. ಪೈಥಾನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಿಜ. ಆದರೆ ಅದು ಇರೋದೇ ನಮಗೋಸ್ಕರ ಅಲ್ವಾ?

ನಾನು ಬಳಸುವ ಎಡಿಟರ್ ವಿಎಸ್ ಕೋಡ್‌ನ ಸೆಟ್ಟಿಂಗ್ಸ್ ಜೇಸನ್ ಫೈಲ್ ತೆರೆದೆ. 'ಎಡಿಟರ್ ಟೋಕನ್ ಕಲರ್ ಕಸ್ಟಮೈಸೇಷನ್ಸ್' ಒಳಗೆ 'ಕಾಮೆಂಟ್ಸ್' ಅಂತ ಸೇರಿಸಿ ಅರಿಶಿನ ಬಣ್ಣದ ಕೋಡ್ ಕೊಟ್ಟೆ. ಸೇವ್ ಮಾಡಿದ ಕೂಡಲೇ ಬದಲಾಯಿತು. ಥೀಮ್ ಮುಟ್ಟಬೇಕಾಗಲಿಲ್ಲ.

ಈಗ ಇನ್ನೊಂದು ಪಜೀತಿ. "ಆಮೇಲೆ ಸರಿ ಮಾಡು" ಎಂಬ ಹಳೇ ಕಾಮೆಂಟುಗಳು, ಸುಮ್ನೆ # ಹಾಕಿ ಬಿಟ್ಟಿದ್ದ ಕೆಲಸಕ್ಕೆ ಬಾರದ ಕೋಡು, ಎಲ್ಲವೂ ಎದ್ದು ಕಾಣುತ್ತಿವೆ. ಒಂದು ಕಡೆ ಕಾಮೆಂಟು ಬಾಕ್ಸಿಗೆ ಕೂಲಿ 5 ರೂಪಾಯಿ ಅನ್ನುತ್ತದೆ, ಕೆಳಗಿನ ಸಾಲು 8 ಕಳೆಯುತ್ತದೆ! ಅರ್ಧಕ್ಕರ್ಧ ಅಳಿಸಿದೆ. ಕೂಲಿ ಎಷ್ಟು ಅಂತ ಮಾವನನ್ನೇ ಕೇಳಬೇಕು.